ಮೂರು ಕನ್ನಡಕ, ಒಂದು ಮೀನು

ಹೆಂಡತಿಯ ಎದುರು ಆಡಬಾರದ ಮಾತುಗಳಲ್ಲಿ "ಅದೇನು ಮಹಾ" ಎನ್ನುವುದಕ್ಕೆ ಅಗ್ರಸ್ಥಾನ. ಕೊರಿಯಾದ ಸುವೊನ್ ಊರಿನ ಬ್ಯೊನ್ ತೇಶಿಕ್ ಆ ಮಾತನ್ನು ತಾತನ ತಿಥಿಯ ಹಿಂದಿನ ವಾರ ಆಡಿಬಿಟ್ಟ, ಅದೂ ಬಾಯಿತುಂಬ ಅನ್ನ ಇಟ್ಟುಕೊಂಡು.

"ಎಡೆ ಜೋಡಿಸೋದು ಅದೇನು ಮಹಾ? ನಮ್ಮ ಕಂಪನಿ ಕನ್ನಡಕ ಹಾಕ್ಕೊಂಡ್ರೆ ಯಾವ ತಟ್ಟೆ ಎಲ್ಲಿಡ್ಬೇಕು ಅಂತ ಗಾಳೀಲೇ ಚೀಟಿ ತೋರಿಸುತ್ತೆ. ಕಾಲು ಗಂಟೆ ಕೆಲಸ."

ಮದುವೆಯಾದಾಗಿನಿಂದ ಆ ಎಡೆಯನ್ನು ಜೋಡಿಸುತ್ತ ಬಂದ ಸನ್‌ಹ್ವಾ ಊಟದ ಕಡ್ಡಿಗಳನ್ನು ಕೆಳಗಿಟ್ಟಳು. "ಹೌದಾ? ಹಾಗಾದ್ರೆ ಈ ಸಲ ನೀವೇ ಜೋಡಿಸಿ. ಅಡುಗೆ ಮಾಡಿಡ್ತೀನಿ. ಆಮೇಲೆ ಕೈನೂ ಹಾಕಲ್ಲ, ಬಾಯೂ ಬಿಡಲ್ಲ."

(ಹೆಂಡತಿ ಬಾಯಿ ಬಿಡುವುದಿಲ್ಲ ಎಂದರೆ ಗಂಡಸರು ಅದನ್ನು ವರ ಎಂದುಕೊಳ್ಳುತ್ತಾರೆ. ಪಾಪ.)

ಅವಳ ಸಿಟ್ಟಿಗೆ ಬೇರು ಬೇರೆ ಇತ್ತು. ಕಳೆದ ವರ್ಷ ಆಂದೊಂಗ್‌ನಿಂದ ಬಂದ ಚಿಕ್ಕಪ್ಪ ಎಡೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡು, "ಈ ಮೀನು ಹೀಗಾ ಇಡೋದು? ಇನ್ನೊಂದು ಸಲ ಹೀಗಾದ್ರೆ ನಮ್ಮಪ್ಪನ ತಿಥೀನ ನಮ್ಮನೆಗೇ ತಗೊಂಡು ಹೋಗ್ತೀನಿ" ಎಂದು ಗದರಿಸಿದ್ದರು. "ಸರಿಯಾಗೇ ಇಟ್ಟಿದ್ದೀನಿ" ಎಂದು ಸನ್‌ಹ್ವಾ ಹೇಳಿದರೆ ತೇಶಿಕ್, "ಚಿಕ್ಕಪ್ಪ ಹೇಳಿದ್ಮೇಲೆ ಸರಿ ಇರುತ್ತೆ ಬಿಡು" ಎಂದಿದ್ದ. ಹಿರಿಯ ಮಗನ ಹಿರಿಯ ಮಗ ಅವನು. ಅವನ ಮನೆಯಿಂದ ತಿಥಿ ಎದ್ದು ಹೋಯಿತೆಂದರೆ ಬ್ಯೊನ್ ವಂಶದ ಮುಂದೆ ಮೂಗು ಕುಯ್ಸಿಕೊಂಡ ಹಾಗೆ.

ತಿಥಿಯ ಸಂಜೆ ಬಾಲ್ಕನಿಯ ಕಿಟಕಿಗೆ ಬೆನ್ನು ಮಾಡಿ ತಾತನ ಹೆಸರಿನ ಹಲಗೆ ಕೂತಿತು, ಅದರ ಮುಂದೆ ಉದ್ದನೆಯ ಮೇಜು. ಸನ್‌ಹ್ವಾ ಒಂದು ಬುಟ್ಟಿ ಕಿತ್ತಳೆ ಹಿಡಿದು ಸೋಫಾ ಏರಿದಳು. ಸೂತ್ರವೇನೋ ತೇಶಿಕ್‌ಗೆ ಬಾಯಿಪಾಠವಾಗಿತ್ತು: ಮೀನು ಪೂರ್ವಕ್ಕೆ, ಮಾಂಸ ಪಶ್ಚಿಮಕ್ಕೆ, ಕೆಂಪು ಹಣ್ಣು ಪೂರ್ವಕ್ಕೆ, ಬಿಳಿ ಹಣ್ಣು ಪಶ್ಚಿಮಕ್ಕೆ. ಪೂರ್ವ ಯಾವ ಕಡೆ ಎನ್ನುವುದು ಕನ್ನಡಕದ ತಲೆನೋವು. ಅಡುಗೆಮನೆಯಲ್ಲೇ ಅದನ್ನು ಚಾಲು ಮಾಡಿಕೊಂಡು ಬಂದ. ಚೀಟಿ ತೋರಿಸಿದ ಹಾಗೆ ಹುರಿದ ಮೀನನ್ನು ತನ್ನ ಹೊಟ್ಟೆಯ ಹತ್ತಿರದ ಅಂಚಿಗೆ ಇಟ್ಟ. ಸಾರು ತರಲು ಹೋಗಿ ಬರುವಷ್ಟರಲ್ಲಿ ಮೀನು ಎಡತುದಿಯಲ್ಲಿತ್ತು.

ಅಲ್ಲಿ ತಮ್ಮ ಗ್ವಾಂಗ್‌ಶಿಕ್ ನಿಂತಿದ್ದ. ಅವನ ಮೂಗಿನ ಮೇಲೆ ಎದುರಾಳಿ ಕಂಪನಿಯ ಕನ್ನಡಕ.

"ಅಣ್ಣಾ, ಮೀನು ತಪ್ಪು ಜಾಗದಲ್ಲಿತ್ತು. ಸರಿ ಮಾಡಿದೆ."

"ತಪ್ಪು ಅಂತ ಯಾರು ಹೇಳಿದ್ರು? ಚೀಟಿ ಇಲ್ಲೇ ಇದೆ ನೋಡು."

"ನಿನ್ನ ಚೀಟಿ ನಂಗೆ ಹೇಗೆ ಕಾಣ್ಬೇಕು? ನನ್ ಚೀಟಿ ಅಲ್ಲಿದೆ."

"ಮನೆಯವನಾಗಿ ಹೋಗಿ ಹೋಗಿ ಅವರ ಕನ್ನಡಕ ತಗೊಂಡ್ಯಲ್ಲ."

"ನೀನು ಒಂದು ತೆಗೆಸಿಕೊಟ್ಟಿದ್ರೆ ಯಾಕೆ ತಗೋತಿದ್ದೆ?"

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅಣ್ಣ ಮೀನನ್ನು ಅಂಚಿಗೆ ತಂದ, ತಮ್ಮ ಎಡಕ್ಕೆ ಒಯ್ದ. ಬೋರೆಹಣ್ಣು, ಮರಸೇಬುಗಳೂ ಹಿಂದೆ ಹೊರಟವು. ಆ ಮೀನು ಸಮುದ್ರದಲ್ಲಿ ಜೀವಂತವಿದ್ದಾಗಲೂ ಇಷ್ಟು ಈಜಿರಲಿಕ್ಕಿಲ್ಲ. ತೇಶಿಕ್ ದೀನನಾಗಿ ಸೋಫಾದ ಕಡೆ ನೋಡಿದ. ಸನ್‌ಹ್ವಾ ಅವನನ್ನೇ ನೋಡುತ್ತ ಇನ್ನೊಂದು ಕಿತ್ತಳೆ ಸುಲಿದಳು.

ಅವಳ ಆ ನೋಟದ ಅರ್ಥ ಅವನಿಗೆ ಗೊತ್ತಿತ್ತು. ಹೋದ ತಿಂಗಳು ಕನ್ನಡಕದ ಕಂಪನಿಗಳೆಲ್ಲ ಒಂದು ಸಭೆ ಸೇರಿದ್ದವು. ಒಬ್ಬರು ಅಂಟಿಸಿದ ಚೀಟಿ ಎಲ್ಲರ ಕನ್ನಡಕದಲ್ಲೂ ಅದೇ ಜಾಗದಲ್ಲಿ ಕಾಣಬೇಕು. ಅದಕ್ಕೆ ದಿಕ್ಕು, ಎತ್ತರ, ಅಳತೆಗಳಿಗೆ ಯಾರು ಬೇಕಾದರೂ ಬಳಸಬಹುದಾದ ಒಂದೇ ನಿಯಮ ಇರಬೇಕು ಎನ್ನುವುದು ಅಲ್ಲಿನ ಪ್ರಸ್ತಾಪ. ಆಗ ನಮ್ಮ ತೇಶಿಕ್ ಮಹಾಶಯ ಎದ್ದು ನಿಂತು, "ದಿಕ್ಕು ಅವರವರ ಸ್ವಾತಂತ್ರ್ಯ. ಬೇಲಿ ತೆಗೆದರೆ ನಮ್ಮ ಸೌತೆಕಾಯಿ ಪಕ್ಕದವರ ಪಾಲು" ಎಂದು ಘನಗಂಭೀರ ಭಾಷಣ ಬಿಗಿದಿದ್ದ. ಮೇಲಧಿಕಾರಿ ಬೆನ್ನು ತಟ್ಟಿದ್ದರು. ಆ ಬೆನ್ನನ್ನು ಮನೆಗೆ ತಂದು ಹೆಂಡತಿಗೆ ವಾರಗಟ್ಟಲೆ ತೋರಿಸಿದ್ದ.

ಬಾಗಿಲ ಗಂಟೆ ಸದ್ದಾಯಿತು. ಚಿಕ್ಕಪ್ಪ.

ಒಳಗೆ ಬಂದ ಚಿಕ್ಕಪ್ಪ ಎಡೆಯನ್ನು ನೋಡಿದರು. ಮೀನಿನ ತಟ್ಟೆಯ ಒಂದು ತುದಿ ಅಣ್ಣನ ಕೈಯಲ್ಲಿ, ಇನ್ನೊಂದು ತಮ್ಮನ ಕೈಯಲ್ಲಿ. ತೇಶಿಕ್‌ಗೆ ತಿಥಿ ಆಂದೊಂಗ್ ರೈಲು ಹತ್ತಿದ್ದು ಕಣ್ಣಿಗೆ ಕಟ್ಟಿತು. ಚಿಕ್ಕಪ್ಪ ಗಂಟಲು ಸರಿಮಾಡಿಕೊಂಡರು. ಆಮೇಲೆ ಕೋಟಿನ ಒಳಜೇಬಿನಿಂದ ಒಂದು ಕನ್ನಡಕ ತೆಗೆದು ಹಾಕಿಕೊಂಡರು. ಮೂರನೆಯ ಕಂಪನಿಯದು.

"ಏನಮ್ಮಾ," ಎಂದರು ಸನ್‌ಹ್ವಾ ಕಡೆ ನೋಡಿ, "ನಿನ್ನ ತಲೆ ಮೇಲೆ 'ಹುರಿದ ಮೀನು' ಅಂತ ಯಾಕೆ ಬರ್ದಿದೆ?"

ಸನ್‌ಹ್ವಾ ನಗು ತಡೆಯಲು ತುಟಿ ಕಚ್ಚಿಕೊಂಡಳು.

"ಚಿಕ್ಕಪ್ಪ, ನಿಮಗ್ಯಾಕೆ ಕನ್ನಡಕ?" ತೇಶಿಕ್ ಕೇಳಿದ. "ನಿಮಗೆ ಎಲ್ಲಾ ಗೊತ್ತಲ್ಲ."

ಚಿಕ್ಕಪ್ಪ ಸೋಫಾದ ತುದಿಯಲ್ಲಿ ಕುಸಿದರು. "ಏನೂ ಗೊತ್ತಿಲ್ಲ ಕಣೋ. ಎಲ್ಲಾ ನಿಮ್ಮ ಚಿಕ್ಕಮ್ಮ ಇಡ್ತಿದ್ಲು, ನಾನು ನಿಂತು ಕೆಮ್ತಿದ್ದೆ. ಅವಳು ಹೋದ್ಮೇಲೆ ಕೆಮ್ಮು ಒಂದೇ ಉಳೀತು. ಮೊಮ್ಮಗಳು ಇದನ್ನ ಕೊಡಿಸಿದ್ಲು."

"ಮತ್ತೆ ಹೋದ ವರ್ಷ ಮೀನು..."

"ಹಿರಿಯನಾದವನು ಏನಾದ್ರೂ ಅನ್ಬೇಕಲ್ಲ. ತಿಥಿ ತಗೊಂಡು ಹೋಗ್ತೀನಿ ಅಂದ್ಬಿಟ್ಟು, 'ಆಯ್ತು, ತಗೊಂಡು ಹೋಗಿ' ಅಂತ ನೀನು ಅಂದ್ಬಿಟ್ರೆ ಏನಪ್ಪಾ ಗತಿ ಅಂತ ವರ್ಷವಿಡೀ ಹೆದರಿದ್ದೀನಿ."

ಎದೆಯ ಮೇಲಿದ್ದ ಬೀಸುವ ಕಲ್ಲನ್ನು ಯಾರೋ ಎತ್ತಿಟ್ಟ ಹಾಗಾಯಿತು ತೇಶಿಕ್‌ಗೆ. ಆದರೆ ಸೋಫಾದ ಆ ತುದಿಯಲ್ಲಿ ಸುಲಿಯುವ ಸದ್ದು ನಿಂತಿತ್ತು. ಆ ಕಡೆ ನೋಡುವ ಧೈರ್ಯ ಅವನಿಗೆ ಬರಲಿಲ್ಲ.

ಇನ್ನು ಉಳಿದದ್ದು ಒಂದೇ ದಾರಿ. ಸಭೆಯವರು ಪ್ರಯೋಗಕ್ಕೆಂದು ಎಲ್ಲರಿಗೂ ಹಂಚಿದ್ದ ಆ ಸಾರ್ವಜನಿಕ ನಿಯಮದ ತಂತ್ರಾಂಶ ಅವನ ಫೋನಿನಲ್ಲೇ ಇತ್ತು. (ತಪ್ಪು ಹುಡುಕಲೆಂದು ಇಟ್ಟುಕೊಂಡಿದ್ದ.) ನಾಚಿಕೆ ಬಿಟ್ಟು ಅದನ್ನು ಮೂರೂ ಕನ್ನಡಕಗಳಿಗೆ ಹಾಕಿದ. ಅದು ಮೊದಲು ಮೂರರ ಬಣ್ಣ ಬಯಲು ಮಾಡಿತು. ತೇಶಿಕ್‌ನದು ಚಾಲು ಮಾಡಿದಾಗ ಎದುರಿಗಿದ್ದದ್ದನ್ನೇ ಉತ್ತರ ದಿಕ್ಕು ಎಂದು ನಂಬಿತ್ತು, ಅಂದರೆ ಅಡುಗೆಮನೆಯ ಫ್ರಿಜ್ಜನ್ನು. ತಮ್ಮನದು ದಿಕ್ಸೂಚಿಯನ್ನು ನಂಬಿತ್ತು. ಚಿಕ್ಕಪ್ಪನದು ಎತ್ತರವನ್ನು ನೆಲದಿಂದ ಅಳೆಯದೆ ಅವರ ನೆತ್ತಿಯಿಂದ ಅಳೆಯುತ್ತಿತ್ತು. ಆಮೇಲೆ ಮೂರೂ ಸೇರಿ ಒಂದೇ ಪ್ರಶ್ನೆ ಕೇಳಿದವು: ಈ ಕೋಣೆಯಲ್ಲಿ ಉತ್ತರ ಯಾವ ಕಡೆ?

"ಬಾಲ್ಕನಿ ದಕ್ಷಿಣಕ್ಕಿದೆ, ಹಾಗಾದ್ರೆ ಉತ್ತರ..." ತಮ್ಮ ಬೆರಳು ಮಡಚತೊಡಗಿದ.

"ಅದನ್ನೂ ಕೇಳ್ಬೇಕಾ?" ಚಿಕ್ಕಪ್ಪ ನಿಜವಾಗಿಯೇ ಗದರಿದರು. "ನಮ್ಮಪ್ಪ ಕೂತಿರೋ ಕಡೆ ಉತ್ತರ. ಮನೆ ಯಾವ ದಿಕ್ಕಿಗಾದ್ರೂ ಇರ್ಲಿ."

ತೇಶಿಕ್ ಹೆಸರಿನ ಹಲಗೆಯನ್ನು ಬೆರಳು ಮಾಡಿ ತೋರಿಸಿದ. ಚೀಟಿಗಳು ಅಲ್ಲಾಡಿ, ಮೇಜಿನ ಮೇಲೆ ಇಳಿದು, ನಿಂತವು. ಮೂವರೂ ಒಟ್ಟಿಗೆ ಬಲತುದಿಗೆ ಕೈ ಚಾಚಿ, "ಮೀನು ಇಲ್ಲಿ" ಎಂದರು. ಹೋದ ವರ್ಷ ಸನ್‌ಹ್ವಾ ಇಟ್ಟಿದ್ದ ಜಾಗವೇ ಅದು. ಎಡೆ ಸಿದ್ಧವಾಯಿತು, ದೀಪ ಹಚ್ಚಿದರು, ಎಲ್ಲರೂ ಅಡ್ಡಬಿದ್ದರು. ನೆಲಕ್ಕೆ ಹಣೆ ಮುಟ್ಟಿದಾಗ ತೇಶಿಕ್‌ಗೆ ಎಷ್ಟು ನೆಮ್ಮದಿಯಾಯಿತೆಂದರೆ, ಏಳುವುದನ್ನೇ ಮರೆತು ತಮ್ಮನ ಕೈಯಲ್ಲಿ ತಿವಿಸಿಕೊಂಡ.

ಊಟಕ್ಕೆ ಕೂತಾಗ ಚಿಕ್ಕಪ್ಪ ಮೀನು ಬಿಡಿಸುತ್ತ ಹೇಳಿದರು: "ಇಷ್ಟು ಚೆನ್ನಾಗಿರೋದನ್ನ ಮೊದಲೇ ಎಲ್ಲಾ ಕನ್ನಡಕಕ್ಕೂ ಹಾಕೋಕೆ ಏನಾಗಿತ್ತು?"

"ಯಾರೋ ಒಬ್ರು ಸಭೇಲಿ ಬೇಡ ಅಂದ್ರಂತೆ," ಎಂದ ಗ್ವಾಂಗ್‌ಶಿಕ್. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

"ಯಾವನೋ ಅವನು? ಅವನನ್ನ ಕರ್ಕೊಂಡು ಬಂದು ಇವತ್ತಿನ ಹಿತ್ತಾಳೆ ಪಾತ್ರೆ ಎಲ್ಲಾ ತೊಳಸ್ಬೇಕು."

ತೇಶಿಕ್ ಹೆಂಡತಿಯ ಕಡೆ ನೋಡಿದ. ಸನ್‌ಹ್ವಾ ಮಾತಿಗೆ ತಪ್ಪುವವಳಲ್ಲ, ಬಾಯಿ ಬಿಡಲಿಲ್ಲ. ಸುಮ್ಮನೆ ಎದ್ದು ಅಡುಗೆಮನೆಗೆ ಹೋದಳು, ಗುಲಾಬಿ ಬಣ್ಣದ ರಬ್ಬರ್ ಕೈಗವಸು ತಂದು ಗಂಡನ ತಟ್ಟೆಯ ಪಕ್ಕದಲ್ಲಿಟ್ಟಳು, ಬಲಗಡೆಗೆ.