ನೀಲಮ್ಮನವರ ಅನುಕೂಲಕ್ಕಾಗಿ ನಾನು ಕೈಗೊಂಡ ಕ್ರಮಗಳು

ಕೈಕೆಳಗಿನವರನ್ನು ಹೇಗೆ ನೋಡಿಕೊಳ್ಳಬೇಕೆಂಬುದನ್ನು ನನಗೆ ಯಾರೂ ಕಲಿಸಬೇಕಾಗಿರಲಿಲ್ಲ. ಅದು ನನಗೆ ಹುಟ್ಟಿನಿಂದಲೇ ಬಂದಿತ್ತು. ಹಾಗೆಂದು ನಾನು ತಿಳಿದಿದ್ದೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಸಿಂದಗಿಯಲ್ಲಿ ಬೀಜ, ಗೊಬ್ಬರ ಮಾರುವ, ರೈತರ ತೊಗರಿ, ಜೋಳ ತೂಗಿ ಹರಾಜು ಹಾಕುವ ಒಂದು ಸಹಕಾರಿ ಸಂಘಕ್ಕೆ ನಾನು ಮ್ಯಾನೇಜರನಾಗಿದ್ದೆ. ಇಬ್ಬರು ಕಾರಕೂನರು, ಸಿಪಾಯಿ ಮಡಿವಾಳಪ್ಪ, ಗೋದಾಮಿನಲ್ಲಿ ಹತ್ತು ಜನ ಹಮಾಲರು. ಎಲ್ಲರೂ ಗಂಡಸರು. ಆ ವರ್ಷ ನಮಗೊಬ್ಬ ಟೈಪಿಸ್ಟ್ ಬೇಕಾಯಿತು. ಬಂದ ಅರ್ಜಿಗಳಲ್ಲಿ ತಪ್ಪಿಲ್ಲದ್ದು ಒಂದೇ ಇತ್ತು. ಅದು ದೇವಣಗಾಂವದ ನೀಲಮ್ಮ ಎಂಬ ಹುಡುಗಿಯದು. ಗಂಡಸರ ಅರ್ಜಿಗಳಲ್ಲಿ 'ಮಾನ್ಯರೇ' ಎಂಬುದನ್ನು ಐದು ತರಹ ಬರೆದಿದ್ದರು. ಆಡಳಿತ ಮಂಡಳಿ ಎರಡು ಸಭೆ ಕೂಡಿ, ಬೇರೆ ದಾರಿ ಕಾಣದೆ ಅವರನ್ನೇ ನೇಮಿಸಿತು.

ನೀಲಮ್ಮನವರು ದಿನಾ ದೇವಣಗಾಂವದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಮನೆ ಬಿಡುವುದು ಬೆಳಿಗ್ಗೆ ಎಂಟಕ್ಕೆ, ಮುಟ್ಟುವುದು ಸಂಜೆ ಏಳಕ್ಕೆ. ಮಾತು ಕಡಿಮೆ, ಬೆರಳು ಚುರುಕು. ಇಂಥವರು ನಮ್ಮಲ್ಲಿ ಸುಖವಾಗಿರಬೇಕು, ನಮ್ಮವರೇ ಆಗಬೇಕು ಎಂದು ನಾನು ಮೊದಲ ದಿನವೇ ನಿರ್ಧರಿಸಿದೆ.

ಕ್ರಮ ಒಂದು: ಪರದೆ. ಹೆಣ್ಣುಮಗಳು ಗಂಡಸರ ನಡುವೆ ಕೂತರೆ ಸಂಕೋಚವಾದೀತು ಎಂದು ಅವರ ಮೇಜಿನ ಸುತ್ತ ಪರದೆ ಕಟ್ಟಿಸಿದೆ. ಬಟ್ಟೆಗೆ ಮಂಜೂರಾತಿ ಇರಲಿಲ್ಲ. ಗೊಬ್ಬರದ ಖಾಲಿ ಚೀಲಗಳಿದ್ದವು. ಮಡಿವಾಳಪ್ಪ ದಬ್ಬಣ ಹಿಡಿದು ಆರು ಚೀಲ ಹೊಲಿದ. ಮುಂಭಾಗಕ್ಕೆ ಬಂದ ಚೀಲದ ಮೇಲೆ ಹಮಾಲರಿಗೆಂದು 'ಕೊಕ್ಕೆ ಬಳಸಬಾರದು' ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚಾಗಿತ್ತು. ನನಗದು ಸೂಕ್ತವಾಗಿಯೇ ಕಂಡಿತು.

ಮರುದಿನದಿಂದ ಪರದೆಯ ಒಳಗಿನಿಂದ ಎರಡೇ ಸಪ್ಪಳ ಬರುತ್ತಿದ್ದವು. ಒಂದು ಟೈಪಿನದು, ಇನ್ನೊಂದು ಸೀನಿನದು. ಮುದುಕ ರೈತರೊಬ್ಬರು ಬಹಳ ಹೊತ್ತು ಕಿವಿಗೊಟ್ಟು ನಿಂತು ಕೇಳಿದರು:

"ಸಾಹೇಬ್ರ, ಒಳಗ ಏನ್ ಮಷೀನ್ ಹಾಕೀರಿ? ನಡುನಡುವ ಸೀನತೈತಲ್ಲ!"

ಕ್ರಮ ಎರಡು: ಬೈಗುಳ ನಿಷೇಧ. ನಮ್ಮ ಕಡೆಯ ಮಾತು ಸ್ವಲ್ಪ ಖಾರ. ಅದರಲ್ಲೂ ಹಮಾಲರ ಮಾತು ಹಸಿಮೆಣಸಿನಕಾಯಿ. ಹೆಣ್ಣುಮಗಳ ಕಿವಿಗೆ ಬೀಳಬಾರದೆಂದು 'ಸಂಘದ ಆವರಣದಲ್ಲಿ ಯಾರೂ ಅಸಭ್ಯ ಶಬ್ದ ಉಚ್ಚರಿಸತಕ್ಕದ್ದಲ್ಲ' ಎಂದು ಆಜ್ಞೆ ಹೊರಡಿಸಿದೆ. ಅದನ್ನು ಟೈಪ್ ಮಾಡಿದವರು ನೀಲಮ್ಮನವರೇ. ಗೋದಾಮಿನ ಬಾಗಿಲಿಗೆ ಅಂಟಿಸಿದೆವು.

ಗೋದಾಮು ನಿಂತುಹೋಯಿತು! ಹರಾಜಿನ ದಿನ, ಅಂಗಳದ ತುಂಬ ಬಂಡಿಗಳು, ಒಂದು ಚೀಲವೂ ಮೇಲೇಳಲಿಲ್ಲ. ಹಮಾಲರ ಮುಖಂಡ ಯಲ್ಲಪ್ಪ ಕೈಕಟ್ಟಿ ನಿಂತಿದ್ದ.

"ಯಾಕೋ ಯಲ್ಲಪ್ಪ, ಕೆಲಸಾ ಯಾಕ ನಿಂತೈತಿ?"

"ಚೀಲ ಏಳವಲ್ಲವರಿ ಸಾಹೇಬ್ರ. ಎತ್ತೂ ಮುಂದ ಏನರೆ ಒಂದ್ ಅನ್ಬೇಕಾಕ್ಕೈತಿ."

"ದೇವರ ಹೆಸರು ಅನ್ನು."

"ಅಂದು ನೋಡೇವರಿ. ಅರ್ಧಕ್ಕ ಬಂದು ನಿಂದರತೈತಿ."

ಇದೆಲ್ಲ ನೆವ ಎಂದು ಸಿಟ್ಟು ಬಂತು. ಮಾದರಿ ತೋರಿಸಲು ನಾನೇ ಒಂದು ತೊಗರಿ ಚೀಲಕ್ಕೆ ಕೈಹಾಕಿದೆ. ಚೀಲ ಮೊಣಕಾಲಿನವರೆಗೆ ಬಂತು. ನಂತರ ಪಾದದ ಮೇಲೆ ಬಂತು. ಆಗ ನನ್ನ ಬಾಯಿಂದ ಹೊರಟ ಶಬ್ದ ಆಜ್ಞೆಯಲ್ಲಿ ಸೇರಿಸಬೇಕೆಂದು ನನಗೂ ಹೊಳೆಯದೇ ಇದ್ದಷ್ಟು ಹೊಸದಾಗಿತ್ತು. ಹತ್ತೂ ಜನ ಹಮಾಲರು ಗೌರವದಿಂದ ನನ್ನನ್ನು ನೋಡಿದರು. ಪರದೆಯೊಳಗೆ ಟೈಪಿನ ಸಪ್ಪಳ ಒಂದು ಕ್ಷಣ ನಿಂತು, ಮತ್ತೆ ಸುರುವಾಯಿತು. ಅಂದು ಸಂಜೆ ಆಜ್ಞೆಯನ್ನು ನಾನೇ ಕಿತ್ತುಹಾಕಿದೆ.

ಇಷ್ಟಾದರೂ ನೀಲಮ್ಮನವರ ಬಗ್ಗೆ ನನ್ನ ಅಭಿಮಾನ ಕಡಿಮೆಯಾಗಲಿಲ್ಲ. ಅವರಲ್ಲೊಂದು ದೊಡ್ಡ ಗುಣ ಕಂಡಿದ್ದೆ. ಮಡಿವಾಳಪ್ಪ ಚಹಾ ತಂದರೆ "ಬ್ಯಾಡ್ರಿ" ಅನ್ನುತ್ತಿದ್ದರು. ನೀರು ಕೊಟ್ಟರೂ "ಬ್ಯಾಡ್ರಿ." ಏಪ್ರಿಲ್ ತಿಂಗಳ ಸಿಂದಗಿ ಬಿಸಿಲಿನಲ್ಲೂ ದಿನವಿಡೀ ಒಂದು ಹನಿ ಮುಟ್ಟುತ್ತಿರಲಿಲ್ಲ. ಎಂಥ ವ್ರತ, ಎಂಥ ಸಂಯಮ! ಇಬ್ಬರು ಕಾರಕೂನರನ್ನೂ ಕರೆದು, ದಿನಕ್ಕೆ ಎಂಟು ಸಲ ಚಹಾಕ್ಕೆ ಏಳುವ ನೀವು ಇವರನ್ನು ನೋಡಿ ಕಲಿಯಿರಿ ಎಂದು ಭಾಷಣ ಮಾಡಿದೆ. ಮನೆಗೆ ಬಂದು ಊಟಕ್ಕೆ ಕೂತಾಗ ಹೆಂಡತಿ ಗೌರಾಳ ಮುಂದೆಯೂ ಅದೇ ಹೊಗಳಿಕೆ.

ಗೌರಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಿಮ್ಮ ಆಫೀಸಿನಾಗ ಹೆಣ್ಣಮಕ್ಕಳು ಹೊರಕಡೆ ಹೋಗಾಕ ಜಾಗಾ ಎಲ್ಲೈತಿ?"

"ಗೋದಾಮಿನ ಬಾಜೂಕ ಗ್ವಾಡಿ ಐತಲ್ಲ."

"ಅದು ಗಂಡಸರಿಗೆ. ಆಕಿಗೆ?"

ನಾನು ತುತ್ತು ಕೈಯಲ್ಲಿ ಹಿಡಿದುಕೊಂಡೇ ಯೋಚಿಸಿದೆ. ಇಡೀ ಆವರಣವನ್ನು ಮನಸ್ಸಿನಲ್ಲಿ ಮೂರು ಸುತ್ತು ಹಾಕಿದೆ. ಎಲ್ಲಿಯೂ ಇರಲಿಲ್ಲ.

"ಮುಂಜಾನಿ ಎಂಟರಿಂದ ಸಂಜೀ ಏಳರ ತನಾ ಆಕಿ ನೀರು ಯಾಕ ಕುಡ್ಯಾಂಗಿಲ್ಲ ಅಂತ ಈಗ ತಿಳೀತೇನ್ರಿ? ವ್ರತ ಅಂತ ವ್ರತ!"

ಮೂರು ತಿಂಗಳು. ನನ್ನ ಎದುರಿಗೇ ಒಬ್ಬ ಹೆಣ್ಣುಮಗಳು ಮೂರು ತಿಂಗಳು ಬಾಯಾರಿಕೊಂಡು ಕೂತಿದ್ದರು. ನಾನದಕ್ಕೆ ಭಾಷಣ ಮಾಡಿದ್ದೆ. ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿಟ್ಟೆ.

"ನಾಳೆ ನಾ ಬಂದು ಆಕೀನ್ನ ಏನ್ ಬೇಕಂತ ಕೇಳ್ತೇನಿ," ಅಂದಳು ಗೌರಾ.

"ಕಚೇರಿ ವಿಷಯದಾಗ ನೀ ಬರಬ್ಯಾಡ. ನಾನೇ ಕ್ರಮ ತಗೋತೇನಿ."

ಕ್ರಮ ಮೂರು ಹೀಗೆ ಹುಟ್ಟಿತು.

ಆಡಳಿತ ಮಂಡಳಿಯ ಐವರು ಗಂಡಸರೂ ನಾನೂ ಸೇರಿ, ಹೆಣ್ಣುಮಗಳ ಶೌಚಾಲಯ ಎಲ್ಲಿರಬೇಕೆಂದು ಎರಡು ತಾಸು ಚರ್ಚಿಸಿದೆವು. ಗೋದಾಮಿನ ಹಿಂದೆ ಜಾಲಿಮುಳ್ಳು, ಹಾವು ಬರಬಹುದು ಎಂದರು ಒಬ್ಬರು. ಅಧ್ಯಕ್ಷರಾಗಿದ್ದ ಗೌಡರು ಮೇಜು ಕುಟ್ಟಿ ಹೇಳಿದರು:

"ರೊಕ್ಕಾ ಹಾಕಿ ಕಟ್ಟಿಸಿದ್ದು ನಾಲ್ಕ ಮಂದೀಗೆ ಕಾಣಬೇಕಲ್ಲರಿ. ಮುಂದ ಕಟ್ಟಸ್ರಿ!"

ಮುಂದೆ ಕಟ್ಟಿಸಿದೆವು. ಹರಾಜಿನ ಅಂಗಳಕ್ಕೆ ಮುಖ ಮಾಡಿ, ತೂಕದ ತಕ್ಕಡಿಯ ಪಕ್ಕದಲ್ಲಿ. ಗೋಡೆಗೆ ಗುಲಾಬಿ ಬಣ್ಣ. ಬಾಗಿಲಿಗೆ ಹಸಿರು ಬಣ್ಣ. ಮೇಲೆ 'ಮಹಿಳಾ ಸಿಬ್ಬಂದಿ' ಎಂದು ಬೋರ್ಡು. ಸಂಘದಲ್ಲಿ ಮಹಿಳಾ ಸಿಬ್ಬಂದಿ ಒಬ್ಬರೇ ಇದ್ದದ್ದರಿಂದ ಹೆಸರನ್ನೇ ಬರೆಸಿದಂತಾಯಿತು ಎಂಬುದು ನಮಗೆ ಯಾರಿಗೂ ಹೊಳೆಯಲಿಲ್ಲ. ಗೌಡರಿಗೆ ಉದ್ಘಾಟನೆಯೂ ಬೇಕೆನಿಸಿತು. ಹೆಚ್ಚು ಜನ ಸೇರುವುದು ತೊಗರಿ ಹರಾಜಿನ ದಿನ. ಅದೇ ದಿನ ಗೊತ್ತಾಯಿತು.

ಆಮಂತ್ರಣ ಪತ್ರಿಕೆ ಟೈಪ್ ಮಾಡಬೇಕಾಗಿತ್ತು. ನಮ್ಮಲ್ಲಿ ಟೈಪಿಸ್ಟ್ ಒಬ್ಬರೇ. ನಾನು ಪರದೆಯ ಹೊರಗೆ ನಿಂತು ಒಕ್ಕಣೆ ಹೇಳಿದೆ. 'ನಮ್ಮ ಮಹಿಳಾ ಸಿಬ್ಬಂದಿಯ ಬಹುದಿನದ ಅವಶ್ಯಕತೆಯನ್ನು ಮನಗಂಡು' ಎಂಬಲ್ಲಿ ಟೈಪು ನಿಂತಿತು.

"ಈ ಸಾಲು ಹಿಂಗೇ ಇರ್ಲೇನ್ರಿ?"

"ಇರಲಿ, ಇರಲಿ. ಅದೇ ಮುಖ್ಯ."

ನಲವತ್ತು ಪ್ರತಿ ಟೈಪಾದವು. ಒಂದೂ ತಪ್ಪಿರಲಿಲ್ಲ.

ಉದ್ಘಾಟನೆಯ ದಿನ ಚೆಂಡುಹೂವಿನ ಮಾಲೆ ಕಟ್ಟಿದ ಶೌಚಾಲಯದ ಮುಂದೆ ಮುನ್ನೂರು ಜನ ಸೇರಿದರು. ಬಂಡಿ, ಎತ್ತು, ದಲಾಲರು, ಹಮಾಲರು. ಗೌಡರು ಕಾಯಿ ಒಡೆದು, ಸ್ತ್ರೀಯರು ಮುಂದೆ ಬರಬೇಕು ಎಂದು ಭಾಷಣ ಮಾಡಿದರು. "ಆಕಿನ್ನ ಕರೀರಿ, ಸತ್ಕಾರ ಮಾಡೂಣು" ಎಂದರು. ಮಡಿವಾಳಪ್ಪ ಒಳಗೆ ಓಡಿ, ನೀಲಮ್ಮನವರ ಬದಲು ಒಂದು ಲಕೋಟೆ ಹಿಡಿದು ಬಂದ.

"ಅಕ್ಕಾರ ಇದನ್ನ ಕೊಟ್ಟಾರಿ. ಬರಾಂಗಿಲ್ಲಂತ."

ಒಡೆದು ನೋಡಿದೆ. ಎರಡೇ ಸಾಲು. ಈ ತಿಂಗಳ ಕೊನೆಗೆ ತಮ್ಮನ್ನು ಕೆಲಸದಿಂದ ಬಿಡುಗಡೆ ಮಾಡಬೇಕೆಂಬ ಅರ್ಜಿ. ಅದರಲ್ಲೂ ತಪ್ಪಿರಲಿಲ್ಲ.

ನನ್ನ ಮುಖ ನೋಡಿ ಗೌಡರಿಗೆ ಬೇರೇನೋ ಅನುಮಾನ ಬಂತು. "ಏನ್ರಿ, ಚಿಲಕಾ ಬರೋಬ್ಬರಿ ಇಲ್ಲಂತಾಳೇನು? ಮಂದಿ ಮುಂದ ಒಳಗ ಹೋಗಿ ಹಾಕಿ ತೋರಸ್ರಿ!"

ಅರ್ಜಿ ಜೇಬಿಗಿಟ್ಟು ಒಳಗೆ ಹೋಗಿ, ಬಾಗಿಲೆಳೆದು ಚಿಲಕ ಹಾಕಿದೆ. ಗಟ್ಟಿಯಾಗಿ ಬಿತ್ತು. ಹೊರಗೆ ಚಪ್ಪಾಳೆ. ತೆಗೆಯಲು ಹೋದೆ. ಬರಲಿಲ್ಲ. ಹಸಿ ಬಣ್ಣದಲ್ಲಿ ಕಚ್ಚಿ ಕೂತಿತ್ತು.

ಮೊದಲು ಮೆಲ್ಲಗೆ ತಟ್ಟಿದೆ. ಆಮೇಲೆ ಜೋರಾಗಿ ತಟ್ಟಿದೆ. ಹೊರಗಿನಿಂದ ಮುನ್ನೂರು ಜನರ ಸಲಹೆ ಬರತೊಡಗಿತು.

"ಒದೀರಿ ಸಾಹೇಬ್ರ!"

"ಒದೀಬ್ಯಾಡ್ರಿ, ಗ್ವಾಡಿ ಇನ್ನಾ ಹಸಿ ಐತಿ, ಮೈಮ್ಯಾಲ ಬೀಳ್ತೈತಿ!" ಇದು ಕಟ್ಟಿದ ಗೌಂಡಿಯ ದನಿ.

"ಒಳಗ ಏನ್ ಮಾಡಾಕತ್ತಾರು?"

"ಹೆಂಗಸರ ಸಂಡಾಸದಾಗ ಮ್ಯಾನೇಜರ್ ಯಾಕ ಹೊಕ್ಕಾನ?" ಇದು ಆಗತಾನೇ ಬಂದ ಯಾರೋ ರೈತನದು.

ಒಳಗೆ ಕತ್ತಲೆ, ಬಣ್ಣದ ವಾಸನೆ, ಬೆವರು. ನಾನು ಉಸಿರು ಬಿಟ್ಟರೂ ಹೊರಗೆ ಕೇಳುತ್ತಿತ್ತು. ಕೆಮ್ಮಿದೆ. "ಕೆಮ್ಮಿದರು" ಎಂದು ಯಾರೋ ಹಿಂದಿನವರಿಗೆ ತಿಳಿಸಿದರು. ಅಲ್ಲಿ ನಿಂತಾಗ ನನಗೆ ಒಂದು ವಿಷಯ ಸ್ಪಷ್ಟವಾಯಿತು. ಈ ಬಾಗಿಲಿನೊಳಗೆ ಯಾವ ಹೆಣ್ಣುಮಗಳೂ, ಯಾವ ಕಾಲಕ್ಕೂ, ಕಾಲಿಡುವುದು ಸಾಧ್ಯವಿಲ್ಲ. ಎಂಟು ವಾರ ನಿಂತು ಕಟ್ಟಿಸಿದಾಗ ತಿಳಿಯದ್ದು ಅರ್ಧ ತಾಸು ಒಳಗೆ ನಿಂತಾಗ ತಿಳಿಯಿತು.

ಅಷ್ಟರಲ್ಲಿ ಹೊರಗೆ ಗದ್ದಲ ತಗ್ಗಿತು. ನೀಲಮ್ಮನವರ ದನಿ. ಅಷ್ಟು ಗಟ್ಟಿ ದನಿ ಅವರಿಗಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

"ಎಲ್ಲಾರೂ ಹಿಂದ ಸರೀರಿ! ಇಲ್ಲೇನ್ ದೊಂಬರಾಟ ನಡದೈತೇನು? ಹರಾಜ ಅಲ್ಲೈತಿ, ಅಲ್ಲಿ ನಡೀರಿ!"

ಜನ ಸರಿದ ಸಪ್ಪಳ ಕೇಳಿತು. ಆಮೇಲೆ ಗೌಂಡಿಗೆ ಹೇಳಿದರು: "ಬಿಜಾಗರಿ ಹೊರಗೇ ಕೂಡಿಸೀಯಲ್ಲೋ ಅಣ್ಣಾ. ಅದರ ಸ್ಕ್ರೂ ಬಿಚ್ಚು, ಬಾಗಿಲಾ ತಾನೇ ಬರತೈತಿ."

ಐದು ನಿಮಿಷದಲ್ಲಿ ಬಾಗಿಲು ಕಳಚಿ ಬಂತು. ನಾನೂ ಬಂದೆ. ಅಂಗಿಯ ಬೆನ್ನಿಗೆ ಹಸಿರು, ಮೊಣಕೈಗೆ ಗುಲಾಬಿ. ಯಲ್ಲಪ್ಪ ಓಡಿ ಬಂದು ಚೆಂಬು ನೀರು ಕೊಟ್ಟ. ಕುಡಿಯುವ ಮೊದಲು ನಾನು ಸ್ವಲ್ಪ ಯೋಚಿಸಿದೆ.

ಕಚೇರಿಯೊಳಗೆ ಹೋಗಿ, ಪರದೆಯನ್ನು ಪಕ್ಕಕ್ಕೆ ಸರಿಸಿ, ಮೊದಲ ಸಲ ಅವರ ಮೇಜಿನ ಎದುರು ಕೂತೆ.

"ನೀಲಮ್ಮಾರ, ನಿಮಗೇನು ಬೇಕ್ರಿ?"

ಅವರು ಟೈಪ್ ಯಂತ್ರದಿಂದ ಕೈ ತೆಗೆದರು.

"ಇದನ್ನ ಐದ ತಿಂಗಳ ಹಿಂದ ಕೇಳಬೇಕಿತ್ತರಿ."

"ಹೌದ್ರಿ. ತಪ್ಪಾತು."

"ಈ ಚೀಲ ತಗಸ್ರಿ ಮೊದಲ. ಗೊಬ್ಬರಕ್ಕ ಸೀನು ಬಂದು ಸಾಯಾಕತ್ತೇನಿ. ಸಂಡಾಸ ಗೋದಾಮಿನ ಹಿಂದಿರಲಿ. ಬಾಗಿಲಾ ಕಂಪೌಂಡ ಗ್ವಾಡಿ ಕಡೆ ಇರಲಿ, ಬೋರ್ಡ್ ಬ್ಯಾಡ, ಕೀಲಿ ನನ್ನ ಹತ್ರ ಇರಲಿ. ಸಂಜೀಕ ಐದಕ್ಕ ಬಿಡ್ರಿ, ಮೊದಲನೇ ಬಸ್ಸು ಸಿಗತೈತಿ. ಅದಕ್ಕ ಬೇಕಾದ್ರ ಮುಂಜಾನಿ ಬಂದ ಕೂಡಲೇ ಕೆಲಸಾ ಸುರು ಮಾಡ್ತೇನಿ."

"ಜಾಲಿಮುಳ್ಳು ಐತಿ ಅಂತ..."

"ಕೊಡ್ಲಿನೂ ಐತಲ್ಲರಿ."

ಇಷ್ಟೇ. ಎರಡು ತಾಸಿನ ಸಭೆ, ಒಂದು ಆಜ್ಞೆ, ಆರು ಚೀಲ, ನಲವತ್ತು ಆಮಂತ್ರಣ, ಎಲ್ಲ ಸೇರಿ ಮಾಡಲಾಗದ್ದನ್ನು ಅವರು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದರು. ಯಲ್ಲಪ್ಪ ಮತ್ತು ಸಂಗಡಿಗರು ಮರುದಿನವೇ ಜಾಲಿ ಕಡಿದರು. ಬೈಯುತ್ತಲೇ ಕಡಿದರು. ಅಲ್ಲಿ ಹೊಸದನ್ನು ಕಟ್ಟಿಸಿ, ಅಂಗಳದ ಗುಲಾಬಿ ಕೋಣೆಯಲ್ಲಿ ಗೌಡರ ಒಪ್ಪಿಗೆಯಂತೆ ತಕ್ಕಡಿಯ ಕಲ್ಲುಗಳನ್ನಿಟ್ಟೆವು. ಮನೆಯಲ್ಲಿ ಗೌರಾ ನನ್ನ ಅಂಗಿಯನ್ನು ಎರಡು ದಿನ ಸೀಮೆಎಣ್ಣೆಯಲ್ಲಿ ನೆನೆಸಿಟ್ಟು, ಹೋಗಿ ಬಂದು ಅದನ್ನೇ ನೋಡಿ ನಗುತ್ತಿದ್ದಳು.

ಉಳಿದದ್ದು ಅರ್ಜಿ. ಅದನ್ನು ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟು, "ಇದನ್ನ ಹರದ ಒಗೀಲ್ಯಾ?" ಎಂದು ಕೇಳಿದ್ದೆ.

"ಇರಲಿರಿ," ಎಂದಿದ್ದರು ನೀಲಮ್ಮನವರು. "ನಿಮ್ಮ ಡ್ರಾವರಿನಾಗ ಇಡ್ರಿ. ಹದಿನೈದ ದಿನಾ ನೋಡ್ತೇನಿ."

ಹದಿನಾರನೆಯ ದಿನ ಧೈರ್ಯ ಮಾಡಿ ಕೇಳಿದೆ. "ಇನ್ನೊಂದ್ ಹದಿನೈದ ದಿನಾ ನೋಡೂಣ್ರಿ" ಅಂದರು. ಮತ್ತೆ ಕೇಳುವ ಧೈರ್ಯ ಬರಲಿಲ್ಲ. ನೇಮಕದ ಪತ್ರದ ಪ್ರಕಾರ ಅವರು ನನ್ನ ಕೈಕೆಳಗೆ ಆರು ವರ್ಷ ಕೆಲಸ ಮಾಡಿದರು. ನಿಜಕ್ಕೂ ಆ ಆರು ವರ್ಷ ಹಂಗಾಮಿಯಾಗಿದ್ದವನು ನಾನು.

ಕೊನೆಗೆ ನನಗೆ ಮುದ್ದೇಬಿಹಾಳದ ಒಂದು ಸಂಘದಲ್ಲಿ ಜಾಗ ಸಿಕ್ಕಿ ಹೊರಟಾಗ, ಹೊಸ ಮ್ಯಾನೇಜರಿಗೆ ಚಾರ್ಜು ಕೊಡಬೇಕಾಯಿತು. ಡ್ರಾವರು ಖಾಲಿ ಮಾಡುವಾಗ ಅಡಿಯಲ್ಲಿ ಅರ್ಜಿ ಸಿಕ್ಕಿತು. ಅಂಚು ಹಳದಿಯಾಗಿತ್ತು.

"ನೀಲಮ್ಮಾರ, ಇದನ್ನ ಈಗರೆ ತಗೋರಿ," ಅಂದೆ.

ಅವರು ಟೈಪ್ ಮಾಡುತ್ತಲೇ, ತಲೆ ಎತ್ತದೆ ಹೇಳಿದರು:

"ಅಲ್ಲೇ ಇಡ್ರಿ ಸಾಹೇಬ್ರ. ತಾರೀಖ ಒಂದು ತಿದ್ದಿದ್ರಾತು. ಹೊಸಾ ಸಾಹೇಬ್ರನ್ನೂ ಹದಿನೈದ ದಿನಾ ನೋಡಬೇಕಲ್ಲ!"