ಸಮಾಂತರ ಚತುರ್ಭುಜದ ತಿಂದುಹೋದ ಮೂಲೆ

ಮಾನ್ಯ ಸಮಾಂತರ ಚತುರ್ಭುಜರೇ,

ನನಗೆ ಮದುವೆಯಾಯಿತು! ಹೆಗ್ಗರಣೆಯ ಸಂದೇಶ ಅವರ ಜೊತೆ, ತುಂಬಾ ತುಂಬಾ ಚೆನ್ನಾಗಿ ಆಯಿತು. ಈ ಸಂತೋಷದಲ್ಲಿ ತಮಗೂ ತಮ್ಮ ನಾಲ್ಕೂ ಬಾಹುಗಳಿಗೂ ನಮಸ್ಕಾರ ಹೇಳಿ, ಆಮೇಲೆ ದೂರು ಹೇಳುತ್ತೇನೆ.

ನಾನು ಸಿದ್ದಾಪುರದ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಗಣಿತ ಕಲಿಸುವವಳು. ತಾವು ಎಷ್ಟು ಸೊಗಸಾಗಿ ವಾಲಿ ನಿಲ್ಲುತ್ತೀರೆಂದರೆ, ಮಕ್ಕಳು ತಮ್ಮ ಓರೆ ಬಾಹುವನ್ನೇ ಎತ್ತರವೆಂದು ನಂಬಿ ಗುಣಿಸಿಬಿಡುತ್ತಾರೆ. ಅದನ್ನು ತಪ್ಪಿಸಲು, ಮದುವೆಯಲ್ಲಿ ಉಳಿದ ಕಾಯಿ ಬರ್ಫಿಯನ್ನು ತರಗತಿಗೆ ಒಯ್ದೆ. ನನ್ನ ಅತ್ತೆ ಬರ್ಫಿಯನ್ನು ಓರೆಯಾಗಿಯೇ ಕೊಯ್ಯುವವರು, ಹಾಗಾಗಿ ಪ್ರತಿ ತುಂಡೂ ತಮ್ಮದೇ ಪಡಿಯಚ್ಚು. ನನ್ನ ಕೈಯಲ್ಲಿ ಸ್ಕೇಲು ಕಂಡು "ಎಂತದೇ ಕೂಸೆ, ಬರ್ಫಿ ತಿಂಬಲೆ ಮಾಡಿದ್ದ, ಅಳೆಯಲೆ ಮಾಡಿದ್ದ?" ಎಂದು ನಕ್ಕರೂ, ಡಬ್ಬಿ ತುಂಬಿಸಿಯೇ ಕಳಿಸಿದರು.

ಒಂದು ಮೂಲೆಯಿಂದ ಪಾದಕ್ಕೆ ಲಂಬವಾಗಿ ಕೊಯ್ದು, ಬಂದ ತ್ರಿಭುಜವನ್ನು ಆಚೆ ಬದಿಗೆ ಜೋಡಿಸಿದರೆ ಆಯತ. ಆದ್ದರಿಂದ ವಿಸ್ತೀರ್ಣವೆಂದರೆ ಪಾದ ಗುಣಿಸು ಎತ್ತರ. ಎಷ್ಟು ಸುಂದರ! ಎಲ್ಲರೂ ಕೊಯ್ದರು. ನಾನು ಹಲಗೆಯ ಮೇಲೆ ಚಿತ್ರ ಬರೆದು ತಿರುಗುವಷ್ಟರಲ್ಲಿ ತ್ರಿಭುಜಗಳೆಲ್ಲ ಮಾಯ. "ಸಣ್ಣ ಚೂರು ಅಲ್ದಾ ಟೀಚರ್, ತಡ್ಕಳಕ್ಕೆ ಆಗ್ಲಿಲ್ಲ" ಎಂದ ತುಷಾರ, ತುಟಿ ಒರೆಸಿಕೊಳ್ಳುತ್ತ.

ಮರುದಿನದ ಕಿರುಪರೀಕ್ಷೆಯಲ್ಲಿ ಇಡೀ ತರಗತಿ ಪಾದವನ್ನು ಎತ್ತರದಿಂದಲೇ ಗುಣಿಸಿತ್ತು. ನಾನು ಕುಣಿಯುವುದರಲ್ಲಿದ್ದೆ, ನೋಡಿದರೆ, ಗುಣಲಬ್ಧದಿಂದ ಒಂದು ತ್ರಿಭುಜವನ್ನು ಕಳೆದೂ ಬಿಟ್ಟಿತ್ತು. ತಿಂದದ್ದನ್ನು ಮುಚ್ಚಿಡದೆ ಲೆಕ್ಕಕ್ಕೆ ಹಿಡಿಯುವ ಇಂಥ ಪ್ರಾಮಾಣಿಕ ಮಕ್ಕಳು ಇನ್ನೆಲ್ಲಿ ಸಿಕ್ಕಾರು? ಮುಖ್ಯೋಪಾಧ್ಯಾಯಿನಿ ಪರಿಮಳಾ ಮೇಡಂ ಮಾತ್ರ, "ಸೋಮವಾರವೂ ಹೀಗೇ ಆದ್ರೆ ಏಳನೇ ಕ್ಲಾಸು ಬೇರೆಯವರಿಗೆ. ಮದುವೆ ಗುಂಗು ಇಳಿಯೂವರೆಗೆ ನೀವು ಒಂದನೇ ಕ್ಲಾಸಿಗೆ ಪದ್ಯ ಹೇಳ್ಕೊಡಿ ಮಾರಾಯ್ರೆ" ಎಂದುಬಿಟ್ಟರು. ಆ ತುಂಟರನ್ನು ಬಿಟ್ಟುಕೊಡುವುದನ್ನು ನೆನೆದರೆ ನನಗೆ ಅಳುವೇ ಬರುತ್ತದೆ.

ಆದ್ದರಿಂದ ವಿನಂತಿ: ಸೋಮವಾರದ ಮಟ್ಟಿಗೆ ತಾವು ಬೆನ್ನು ನೆಟ್ಟಗೆ ಮಾಡಿ ಆಯತವಾಗಿ ನಿಲ್ಲಬೇಕು; ಆಗದಿದ್ದರೆ ತಮ್ಮ ಎತ್ತರವನ್ನು ಒಳಗೆ ಅಡಗಿಸಿಡದೆ ಕೊಡೆಯಂತೆ ಕೈಯಲ್ಲಿ ಹಿಡಿದು ಬರಬೇಕು; ಅದೂ ಆಗದಿದ್ದರೆ, ದಯವಿಟ್ಟು, ಕೊಯ್ದ ಮೂಲೆಯಾದರೂ ಕಹಿಯಾಗಿರಬೇಕು.

ಇತ್ತೀಚೆಗೆ ತಾನೂ ಒಂದು ಕಡೆಗೆ ವಾಲಿರುವ,
ತಮ್ಮ ವಿಶ್ವಾಸಿ
ನಮಿತಾ

ವಿ.ಸೂ.: ತಾವು ಯಾರಿಗೂ ಬಗ್ಗುವವರಲ್ಲ, ಬರೀ ವಾಲುವವರು ಎಂದು ಗೊತ್ತಿರುವುದರಿಂದ, ಔತಣಕ್ಕೆಂದು ಬಂದಿರುವ ಮೈಸೂರಿನ ನಾದಿನಿಯ ಮನೆಯಲ್ಲಿ ಕೂತು ನಾನೇ ಮೆಂತ್ಯದ ಪುಡಿ ಸುರಿದು ಬರ್ಫಿ ಮಾಡಿದ್ದೇನೆ. ಪ್ರೀತಿಯಿಂದ ಒಂದು ಮೂಲೆ ಬಾಯಿಗಿಟ್ಟ ಇವರು ಇನ್ನೂ ನೀರು ಕುಡಿಯುತ್ತಲೇ ಇದ್ದಾರೆ. ತಮ್ಮ ತ್ರಿಭುಜ ಈ ಸಲ ಆಚೆ ಬದಿಗೆ ತಲುಪಿಯೇ ತಲುಪುತ್ತದೆ. ಡಬ್ಬಿಯ ಸಮೇತ ನಾನು ಬಂದಿಳಿಯುವುದು ಈ ಭಾನುವಾರ, ಸಿದ್ದಾಪುರದ ಹತ್ತಿರದ ನಿಲ್ದಾಣಕ್ಕೆ ಬರುವ ಮೈಸೂರು–ತಾಳಗುಪ್ಪ ರೈಲಿನಲ್ಲಿ.