ಕೊಲೆಗಾರರ ಖಾಸಗಿ ಮಾಹಿತಿ

ನಾಗಿಹರ ಪಟ್ಟಣದ ಆನ್‌ಲೈನ್ ಗ್ರಂಥಾಲಯದಲ್ಲಿ ಹಳೆಯ ಪುಸ್ತಕಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಓದಬಹುದು. ನಿಯಮಾವಳಿಯ ಮೊದಲ ಸಾಲೇ ಅದು. ಉಳಿದ ನಲವತ್ತೊಂದು ಪುಟಗಳಲ್ಲಿ ವಿನಾಯಿತಿಗಳಿವೆ.

ಲೇಖಕರು ತೀರಿಕೊಂಡು ಬಹಳ ಕಾಲವಾಗಿ, ಹಕ್ಕುಸ್ವಾಮ್ಯ ಮುಗಿದ ಪುಸ್ತಕಗಳಿವು. ಊರಿನ ನಿವೃತ್ತ ಮೇಷ್ಟ್ರುಗಳು ಎರಡು ವರ್ಷ ಕೂತು ಟೈಪು ಮಾಡಿಕೊಟ್ಟರು. ಪ್ರಕಟಣೆಗೆ ಮೊದಲು ಪರಿಶೀಲಿಸಿದ್ದು ನಮ್ಮ ವಿಭಾಗ. ನಾನು ಅಲ್ಲಿ ನಾಲ್ಕನೇ ಕಿಟಕಿಯ ಗುಮಾಸ್ತ. ಕಾವ್ಯ, ಪ್ರವಾಸ ಕಥನಗಳಲ್ಲಿ ಆಕ್ಷೇಪಾರ್ಹವಾದದ್ದೇನೂ ಸಿಗಲಿಲ್ಲ. ಪತ್ತೇದಾರಿ ಕಾದಂಬರಿಗಳ ಕೊನೆಯಲ್ಲಿ ಮಾತ್ರ ವ್ಯಕ್ತಿಯೊಬ್ಬರ ಹೆಸರನ್ನೂ ಅಪರಾಧವನ್ನೂ ಒಟ್ಟಿಗೇ ಬಯಲು ಮಾಡಲಾಗಿತ್ತು. ಆ ವ್ಯಕ್ತಿಯ ಒಪ್ಪಿಗೆ ಪತ್ರ ಕಡತದಲ್ಲಿರಲಿಲ್ಲ. ಮುಖ್ಯಸ್ಥ ಉಮೆಗಾಕಿಯವರ ಆದೇಶದಂತೆ ಅಂಥ ಕಡೆಯೆಲ್ಲ ಮಸಿ ಬಳಿದೆವು.

ಫೆಬ್ರವರಿಯಲ್ಲಿ ಹತ್ಸುಯೆ ಅಜ್ಜಿ ಟ್ಯಾಬ್ಲೆಟ್ ಹಿಡಿದುಕೊಂಡು ಬಂದರು. ಅವರ ಗಂಡ ಶಿಗೆಮಾತ್ಸು ಐವತ್ತು ವರ್ಷ ಸೋಯಾ ಹಾಲಿನಿಂದ ತೋಫು ಮಾಡಿ ಮಾರಿದವರು. ಈಗ ಹೃದಯ ಕೈಕೊಟ್ಟು ಹಾಸಿಗೆ ಹಿಡಿದಿದ್ದಾರೆ, ಕಣ್ಣೂ ಮಂಜು. ದಿನಾ ಊಟವಾದ ಮೇಲೆ ಅಜ್ಜಿ ಅವರಿಗೊಂದು ಅಧ್ಯಾಯ ಓದಿ ಹೇಳುತ್ತಾರೆ.

"ಏನಪ್ಪಾ ಇದು? ‘ಮೂಲಂಗಿ ಉಪ್ಪಿನಕಾಯಿ ಪೀಪಾಯಿಗೆ ಹೆಣ ತುಂಬಿದ್ದು ಬೇರೆ ಯಾರೂ ಅಲ್ಲ’ ಅಂತಿದೆ. ಆಮೇಲೆ ಬರೀ ಮಸಿ!"

"ಅದು ಖಾಸಗಿ ಮಾಹಿತಿ ಅಜ್ಜಿ."

"ಕಥೇಲಿರೋ ಕೊಲೆಗಾರನಿಗೆ ಎಂಥ ಖಾಸಗಿಯೋ?"

"ಕಥೇಲಿರೋರಿಗೆ ಅನ್ವಯಿಸಲ್ಲ ಅಂತ ನಿಯಮದಲ್ಲಿ ಎಲ್ಲೂ ಹೇಳಿಲ್ಲ."

ಅಜ್ಜಿ ದನಿ ತಗ್ಗಿಸಿದರು. "ಚೆರ್ರಿ ಹೂ ಬಿಡೋವರೆಗೂ ಕಷ್ಟ ಅಂದಿದಾರೆ ಡಾಕ್ಟ್ರು. ನಮ್ಮ ಯಜಮಾನ್ರು, ಕೊಂದೋರು ಯಾರು ಅಂತ ತಿಳೀದೆ ನಾನು ಹೋಗಲ್ಲ ಅಂತ ಹಟ ಹಿಡಿದಿದಾರೆ. ಹಂಗಂತ ತಿಳಿಸದೇ ಇರೋಕಾಗುತ್ತೇನಪ್ಪಾ?"

ಸಂಬಂಧಪಟ್ಟ ವ್ಯಕ್ತಿ ತಾವೇ ಅರ್ಜಿ ಹಾಕಿದರೆ ಮಾತ್ರ ತಮ್ಮ ಮಾಹಿತಿಯನ್ನು ನೋಡಬಹುದು ಎಂದು ನಿಯಮ ಓದಿ ಹೇಳಿದೆ. ಅಜ್ಜಿ ಟ್ಯಾಬ್ಲೆಟ್ಟನ್ನು ಕಂಕುಳಿಗೆ ಸಿಕ್ಕಿಸಿ ಕೈ ಚಾಚಿದರು.

"ಹಂಗಾದ್ರೆ ಒಂದು ಅರ್ಜಿ ಕೊಡು. ನಾನೇ ಕೊಂದಿದ್ದು."

ಹೆಸರಿನ ಜಾಗದಲ್ಲಿ ಕಾದಂಬರಿಯಲ್ಲಿ ಬರುವ ವೈದ್ಯನ ಹೆಸರು ಬರೆದು, ಕೆಳಗೆ ಸಹಿಯ ಬದಲು ತಮ್ಮ ಹೆಸರಿನ ಮುದ್ರೆ ಒತ್ತಿದರು. ಅರ್ಜಿ ಕ್ರಮಬದ್ಧವಾಗಿತ್ತು. ಏಳು ದಿನಗಳ ನಂತರ ಉತ್ತರ ಕಳಿಸಿದೆವು: "ತಾವು ಕೊಲೆಗಾರರೆಂದು ದಾಖಲೆಗಳಿಂದ ಕಂಡುಬರುವುದಿಲ್ಲ. ವಿಷಾದಿಸುತ್ತೇವೆ."

ಮರುದಿನ ಅಜ್ಜಿ ಕಾದಂಬರಿಯ ಅಳಿಯನಾಗಿ ಬಂದರು. ಅದೂ ತಿರಸ್ಕೃತವಾಯಿತು. ಅಡುಗೆಯವನಾಗಿ ಬಂದರು. "ಯಜಮಾನ್ರು ಹೇಗಿದಾರೆ?" ಅಂತ ಕೇಳಿದೆ. "ಗಂಜಿ ಬಿಟ್ಟಿದಾರೆ. ಆದ್ರೂ ಅಡುಗೆಯವನ ಮೇಲೆ ಅನುಮಾನ ಪಡ್ತಾ ಎದ್ದು ಕೂತಿದ್ರು" ಅಂದರು. ಅಡುಗೆಯವನೂ ನಿರಪರಾಧಿ.

ಮಾರ್ಚ್ ಮೂರನೇ ವಾರ ಅಜ್ಜಿ, ಸತ್ತವನ ವಿಧವೆ ಒಸೊನೊ ಎಂದು ಅರ್ಜಿ ಕೊಟ್ಟರು. ಕಡತ ನೋಡಿದೆ, ಹೆಸರು ತಾಳೆಯಾಯಿತು; ನೇರ ಮುಖ್ಯಸ್ಥರ ಮೇಜಿಗೆ ಹೋದೆ.

"ಇವರ ಗಂಡ ಇನ್ನೂ ಬದುಕಿದಾರಲ್ರೀ. ವಿಧವೆ ಅಂತ ಹೆಂಗೆ ಒಪ್ಪೋದು?" ಎಂದರು ಉಮೆಗಾಕಿ.

"ಗಂಡ ಇದಾರಾ ಇಲ್ವಾ ಅಂತ ಅರ್ಜೀಲಿ ಕೇಳಿಲ್ಲ ಸಾರ್."

"ಗುರುತಿಗೆ ಪುರಾವೆ?"

"ಕೊಲೆ ಮಾಡಿದೋರಿಗೆ ಮಾತ್ರ ಗೊತ್ತಿರೋ ಹೆಸರನ್ನ ಹೇಳಿದಾರೆ."

ಉಮೆಗಾಕಿ ತಲೆದೂಗಿ ಸಹಿ ಹಾಕಿದರು. ಅಂದೇ ಮಧ್ಯಾಹ್ನ ಕಚೇರಿಯ ಪರವಾಗಿ ನಾನೇ ಅಜ್ಜಿಯ ಮನೆಗೆ ಹೋಗಿ, ಮಸಿಯಿಲ್ಲದ ಕೊನೆಯ ಅಧ್ಯಾಯವನ್ನೂ ಕೊಲೆಗಾರ್ತಿ ಪ್ರಮಾಣಪತ್ರವನ್ನೂ ಎರಡೂ ಕೈಯಲ್ಲಿ ಒಪ್ಪಿಸಿದೆ. ಅಜ್ಜಿ ಅಧ್ಯಾಯವನ್ನು ಪೂರ್ತಿ ಓದಿದರು. ಶಿಗೆಮಾತ್ಸು ಕಣ್ಣು ಮುಚ್ಚಿಕೊಂಡೇ ಕೇಳಿದರು.

"ಒಸೊನೊ ಅಂತ ನಂಗೆ ಮೊದಲನೇ ದಿನಾನೇ ಗೊತ್ತಿತ್ತು ಕಣೇ."

"ಅಯ್ಯೋ ನಿಮ್ಮ! ಮತ್ಯಾಕೆ ಬಾಯಿ ಬಿಡಲಿಲ್ಲ?"

"ಹೇಳಿದ್ರೆ ನೀನು ಓದೋದು ನಿಲ್ಲಿಸ್ತಿದ್ದೆ." ನನ್ನ ಕಡೆ ತಿರುಗಿದರು. "ನಿಮ್ಮಲ್ಲಿ ಇನ್ನೂ ಎಷ್ಟು ಮಸಿ ಬಳಿದ ಪುಸ್ತಕ ಇದೆಯಪ್ಪಾ?"

"ನೂರಾ ಎಂಟು" ಎಂದೆ. ಅವರು ಗಂಜಿ ತರಲು ಹೇಳಿದರು.

ಚೆರ್ರಿ ಹೂ ಬಿಟ್ಟು ಉದುರಿತು. ಶಿಗೆಮಾತ್ಸು ಈಗ ಹನ್ನೊಂದನೇ ಪುಸ್ತಕದಲ್ಲಿದ್ದಾರೆ. ಡಾಕ್ಟರು ಇದಕ್ಕೆ ವೈದ್ಯಕೀಯ ವಿವರಣೆ ಇಲ್ಲವೆಂದು ಬರೆದುಕೊಟ್ಟು, ತಾವೂ ಒಂದು ಅರ್ಜಿ ನಮೂನೆ ಒಯ್ದರು. ಸುದ್ದಿ ಹಬ್ಬಿ, ಊರಿನಲ್ಲಿ ಅಧಿಕೃತ ಕೊಲೆಗಾರರ ಸಂಖ್ಯೆ ಇನ್ನೂರ ಹದಿನೇಳಕ್ಕೆ ಏರಿದೆ. ಓದುಗರ ಸಹಭಾಗಿತ್ವಕ್ಕೆ ಜಿಲ್ಲಾಡಳಿತ ನಮಗೆ ಪ್ರಶಸ್ತಿಪತ್ರ ಕೊಟ್ಟಿದೆ. ಮಸಿ ಅಳಿಸಬಾರದೇ ಎಂದು ಈಗ ಯಾರೂ ಕೇಳುವುದಿಲ್ಲ.

ಕಳೆದ ಮಂಗಳವಾರ ಪೊಲೀಸ್ ಚೌಕಿಯ ಹವಾಲ್ದಾರರು ಸಮವಸ್ತ್ರದಲ್ಲೇ ಬಂದು, ಸರದಿಯಲ್ಲಿ ನಿಂತು, ಟೋಪಿ ತೆಗೆದು ಕಿಟಕಿಗೆ ಬಗ್ಗಿದರು.

"ಚಹಾಕ್ಕೆ ವಿಷ ಹಾಕಿದ ನರ್ಸು ನಾನೇ" ಎಂದರು.

ಅರ್ಜಿ ಸರಿಯಾಗಿತ್ತು. ಸ್ವೀಕೃತಿ ಚೀಟಿ ಕೊಟ್ಟು, ಮುಂದಿನ ಕೊಲೆಗಾರರನ್ನು ಕರೆದೆ.